ಗೋಗಿಗೆ ಹೊರಟ ಪಂಖದ ಅಲಗು

ಸೋಮವಾರ ಬೆಳಿಗ್ಗೆ ಯಾದಗಿರಿ ರೈಲು ನಿಲ್ದಾಣದ ಹೊರಗೆ ಗೋಗಿಗೆ ಹೋಗುವ ಎರಡು ಜೀಪುಗಳು ಶರಣಪ್ಪನವರನ್ನು ಹತ್ತಿಸಿಕೊಳ್ಳದೆ ಹೋದವು. ಎಂಬತ್ತು ದಾಟಿದ ಅವರು ಹೈದರಾಬಾದಿನಲ್ಲಿ ಡಕೋಟಾ ವಿಮಾನಗಳ ಮೆಕ್ಯಾನಿಕ್ ಆಗಿದ್ದವರು. ಗುಜರಿಯಿಂದ ಬಿಡಿಸಿ ತಂದ ವಿಮಾನದ ಪಂಖದ ಆಳೆತ್ತರದ ಅಲಗೊಂದು ಜೊತೆಗಿತ್ತು. ಅದನ್ನು ತಮ್ಮೂರು ಗೋಗಿಯ ಶಾಲೆಯಲ್ಲಿ ನಿಲ್ಲಿಸಬೇಕಿತ್ತು.

ನಾನು ಹತ್ತಿದ ಮೂರನೆಯ ಜೀಪಿನ ಚಾಲಕನೂ ಹಗ್ಗ ತೆಗೆದ. “ಮ್ಯಾಲೆ ಕಟ್ತೀನ್ರಿ.”

“ಮ್ಯಾಲೆ ಬ್ಯಾಡ,” ಎಂದರು ಶರಣಪ್ಪನವರು. “ಕ್ಯಾರಿಯರಿನ ಕಬ್ಬಿಣ ಅಂಚಿಗೆ ಬಡಿತೈತಿ.”

“ಇದೇನು ಇನ್ನ ಹಾರತೈತೇನ್ ಮುತ್ಯಾ?”

“ಹಾರಂಗಿಲ್ಲಂತ ಗಾಯ ಮಾಡಬೇಕೇನ್? ನೀ ನಡಿ, ಮುಂದಿನ ಗಾಡಿಗೆ ಬರ್ತೀನಿ.”

ಹೇಳುತ್ತಲೇ ಅವರು ಹೆಬ್ಬೆರಳಿನ ಉಗುರನ್ನು ಅಂಚಿನುದ್ದಕ್ಕೂ ಎಳೆದರು. ಹಾರಾಟಕ್ಕೆ ಮೊದಲು ದಿನಾ ಹೀಗೇ ನೋಡುತ್ತಿದ್ದರಂತೆ. ಉಗುರು ಸಿಕ್ಕಿಕೊಂಡರೆ ಅಲ್ಲಿ ಗಾಯವಿದೆ ಎಂದರ್ಥ, ವಿಮಾನ ಮೇಲೇಳುವಂತಿರಲಿಲ್ಲ.

ಹಿಂದಿನ ಸೀಟಿನಲ್ಲಿ ಹತ್ತಿ ಬಿಡಿಸಲು ಹೊರಟ ಮೂವರು ಹೆಂಗಸರಿದ್ದರು. ಹಿರಿಯಳು ತೊಡೆ ತಟ್ಟಿದಳು. “ತಾ ಯಪ್ಪಾ ಇಲ್ಲಿ, ಮಲಗಸ್ಕೋತೀವಿ. ನನ್ನ ಮೊಮ್ಮಕ್ಕಳಿಗಿಂತ ಸುಮ್ಮನ ಇರ್ತೈತಿ.”

ಅಲಗು ಮೂವರ ತೊಡೆಯ ಮೇಲೆ ಅಡ್ಡ ಮಲಗಿ ಬಂತು. ಗೋಗಿಯಲ್ಲಿ ಇಳಿಸಿಕೊಂಡ ಶರಣಪ್ಪನವರು ಉಗುರನ್ನು ಬುಡದಿಂದ ತುದಿಯವರೆಗೆ ಎಳೆದರು. ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ.