ಗುಂಪು ಕೂಡದ ತಂಡ

ಚಿನ್ನೂ, ಪುಟ್ಟೀ,

ನಿಮ್ಮ ತಾತನ ಕೊನೆಯ ದಿನಗಳ ಬಗ್ಗೆ ನೀವು ಈ ಅಜ್ಜಿಯನ್ನು ಏನೂ ಕೇಳಿಲ್ಲ. ಕೇಳಿದರೂ ಎದುರು ಕೂತು ಹೇಳಲು ನನ್ನಿಂದ ಆಗುವುದಿಲ್ಲ. ನಾಲ್ಕು ಜನರ ಮುಂದೆ ಮಾತಾಡಿ ನನಗೆ ಅಭ್ಯಾಸವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಓದಲು ಕಷ್ಟವಾದರೆ ಅಮ್ಮನ ಕೈಲಿ ಓದಿಸಿಕೊಳ್ಳಿ. ಅವಳೂ ಓದಲಿ.

ತಾತ ಊರಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಮಕ್ಕಳಿಗೆ ಖೋ ಖೋ, ಕಬಡ್ಡಿ ಆಡಿಸುತ್ತಲೇ ರಿಟೈರ್ ಆದರು. ಅಮೆರಿಕಕ್ಕೆ, ಪ್ಲೇನೋದ ನಿಮ್ಮ ಮನೆಗೆ ಬಂದ ಹೊಸತರಲ್ಲಿ ಅವರಿಗೆ ಇಲ್ಲಿಯ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಫುಟ್‌ಬಾಲ್ ಕಂಡರೆ ಆಗುತ್ತಿರಲಿಲ್ಲ. "ಇದೇನು ಆಟವೋ, ಆಡೋದಕ್ಕಿಂತ ನಿಂತಿರೋದೇ ಜಾಸ್ತಿ" ಎನ್ನುತ್ತಿದ್ದರು. ಆಮೇಲೆ ನೀನೇ, ಚಿನ್ನು, ಪಕ್ಕದಲ್ಲಿ ಕೂತು ಹೇಳಿಕೊಟ್ಟೆ. ನಾಲ್ಕು ಅವಕಾಶದೊಳಗೆ ಹತ್ತು ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಿನವರಿಗೆ ಹೋಗುತ್ತದೆ. ಆಗ ಆಡುತ್ತಿದ್ದವರು ಆಚೆ ಬಂದು, ಎದುರಿನವರನ್ನು ತಡೆಯುವ ಡಿಫೆನ್ಸ್ ಹುಡುಗರು ಇಳಿಯುತ್ತಾರೆ. ಅಲ್ಲಿಂದ ಅವರಿಗೆ ಹುಚ್ಚು ಹಿಡಿಯಿತು. ಹಿಂದೆ ಚಾಂಪಿಯನ್ ಆದ ಕಾಲೇಜು ತಂಡಗಳ ಪಂದ್ಯಗಳನ್ನೆಲ್ಲ ಫೋನಿನಲ್ಲಿ ಹುಡುಕಿ ನೋಡುತ್ತಿದ್ದರು. ನಾನು ಹುರುಳಿಕಾಯಿ ನಾರು ತೆಗೆಯುತ್ತ ಪಕ್ಕದಲ್ಲಿ ಕೂತಿರುತ್ತಿದ್ದೆ.

ಚಿನ್ನು, ನೀನು ಆಸ್ಟಿನ್‌ಗೆ ಓದಲು ಹೋದ ವರ್ಷ ನಿನ್ನ ಮೆಚ್ಚಿನ ಕಾಲೇಜು ತಂಡ ಹೊಸ ರೀತಿ ಆಡತೊಡಗಿತ್ತು. ಒಂದು ಅವಕಾಶ ಮುಗಿದು ಎದುರಿನವರು ಮೇಲೇಳುವುದರೊಳಗೆ ಇವರು ಮುಂದಿನದಕ್ಕೆ ಸಾಲಾಗಿ ನಿಂತುಬಿಡುತ್ತಿದ್ದರು. ಮುಂಚಿನ ತಂಡಗಳು ಪ್ರತಿ ಸಲ ವೃತ್ತವಾಗಿ ನಿಂತು, ತಲೆಗೆ ತಲೆ ತಾಗಿಸಿ, ಮುಂದೇನು ಮಾಡಬೇಕೆಂದು ಪಿಸುಗುಟ್ಟಿಕೊಳ್ಳುತ್ತಿದ್ದವು. ತಾತ ಅದನ್ನು ಗುಂಪು ಕೂಡುವುದು ಎನ್ನುತ್ತಿದ್ದರು. ಈ ಹೊಸ ತಂಡ ಗುಂಪು ಕೂಡುತ್ತಲೇ ಇರಲಿಲ್ಲ. ಮೈದಾನದ ಅಂಚಿನಲ್ಲಿ ಯಾರೋ ಮುಂದೇನೆಂದು ಸೂಚಿಸುವ ಚಿತ್ರದ ಬೋರ್ಡ್ ಎತ್ತಿ ಹಿಡಿಯುವುದು, ಇವರು ಅತ್ತ ಒಮ್ಮೆ ನೋಡಿ ಆಡಿಬಿಡುವುದು.

"ತಾತ, ದೇ ಆರ್ ಸೋ ಫಾಸ್ಟ್! ನಿಮ್ಮ ಓಲ್ಡ್ ಚಾಂಪಿಯನ್ಸ್ ಇವರ ಮುಂದೆ ನಿಲ್ಲಲ್ಲ" ಎಂದಿದ್ದೆ ನೀನು.

"ಓಡೋದು ಓಡ್ತಾರೆ ಕಣೋ. ನಾಲ್ಕೂ ಸಲ ಎಡವಿದ್ರೆ? ಒಂದು ನಿಮಿಷದಲ್ಲಿ ಚೆಂಡು ಕಳ್ಕೊಂಡು ಆಚೆ ಬರ್ತಾರೆ. ಈಗ ತಾನೇ ಕೂತಿರೋ ನಿಮ್ಮ ಡಿಫೆನ್ಸ್ ಹುಡುಗ್ರು ನೀರಿನ ಬಾಟ್ಲಿ ಕೆಳಗಿಟ್ಟು ಮತ್ತೆ ಎದ್ದು ಹೋಗ್ಬೇಕು. ಹಳೇ ತಂಡದಲ್ಲಿ ಹಂಗಿರ್ಲಿಲ್ಲ. ನಿಧಾನಕ್ಕೆ ಆಡಿ ತಮ್ಮವರಿಗೆ ಉಸಿರು ಉಳಿಸ್ತಿದ್ರು. ಅಲ್ದೆ ಹನ್ನೊಂದು ಜನಕ್ಕೂ ಏನ್ ನಡೀತಿದೆ ಅಂತ ಗೊತ್ತಿರ್ತಿತ್ತು."

"ಬಟ್ ತಾತ, ಸ್ಕೋರ್ ನೋಡಿ."

"ಸ್ಕೋರ್ ಕೊನೇಲಿ ನೋಡೋಣ, ಬಿಡು."

ಮುಂದಿನ ಬೇಸಿಗೆಯಲ್ಲಿ ತಾತನ ಕಣ್ಣು ಹಳದಿಯಾಯಿತು. ಹೊಟ್ಟೆಯೊಳಗೆ ಗಡ್ಡೆ ಎಂದು ಗೊತ್ತಾಗಿ ಹೂಸ್ಟನ್‌ನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನಿಮ್ಮ ಅಮ್ಮ ಆಸ್ಪತ್ರೆಯ ಹತ್ತಿರ ಬಾಡಿಗೆಗೆ ಮನೆ ಹಿಡಿದು, ಅಲ್ಲಿಂದಲೇ ಆಫೀಸ್ ಕೆಲಸ ಮಾಡುತ್ತಿದ್ದಳು. ನಿಮ್ಮ ಅಪ್ಪ ಪುಟ್ಟಿಯನ್ನು ಶಾಲೆಗೆ ಕಳಿಸಿಕೊಂಡು ಪ್ಲೇನೋದಲ್ಲೇ ಉಳಿದರು.

ಅಲ್ಲಿಯ ಡಾಕ್ಟರ್ ನೇರವಾಗಿ ರೋಗಿಯನ್ನೇ ಕೇಳುವವರು. ಎಲ್ಲ ವಿವರವನ್ನೂ ನಿಮಗೇ ಹೇಳಲೇ ಎಂದು ತಾತನನ್ನು ಕೇಳಿದರು. ತಾತ ನಕ್ಕು, ತಮ್ಮ ಇಂಗ್ಲಿಷಿನಲ್ಲಿ, "ಟೆಲ್ ಮೈ ಡಾಟರ್. ಶಿ ವಿಲ್ ಟೆಲ್ ಮಿ" ಎಂದರು. ಮಗಳ ಮೇಲೆ ಅಷ್ಟು ನಂಬಿಕೆ.

ಡಾಕ್ಟರ್ ಅವಳನ್ನು ಕಾರಿಡಾರಿಗೆ ಕರೆದು ಹೇಳಿದರು. ಗಡ್ಡೆ ಹರಡಿದೆ, ಔಷಧಿಯಿಂದ ಕೆಲವು ತಿಂಗಳು ಸಿಗಬಹುದು, ಅಷ್ಟೇ. ಅವಳು ಮುಖ ಒರೆಸಿಕೊಂಡು ಒಳಗೆ ಬಂದು, "ಏನಿಲ್ಲಪ್ಪ, ಟ್ರೀಟ್‌ಮೆಂಟ್ ಶುರು ಮಾಡ್ತಾರಂತೆ, ಸರಿ ಹೋಗುತ್ತೆ" ಎಂದಳು. ನಮ್ಮ ಕಡೆ ಹೀಗೇ ತಾನೇ? ರೋಗಿಗೆ ತಿಳಿದರೆ ಎದೆ ಒಡೆದುಕೊಳ್ಳುತ್ತಾರೆ ಎಂದು ಮನೆಯವರೆಲ್ಲ ಸೇರಿ ಮುಚ್ಚಿಡುತ್ತೇವೆ. ನನಗೆ ಅವಳು ಗುಟ್ಟಾಗಿ ಹೇಳಿದಳು. ನಿಮ್ಮ ಅಪ್ಪ ಫೋನಿನಲ್ಲಿ ಅದೇ ಸರಿ ಎಂದರು. ನಿನಗೂ, ಚಿನ್ನು, ತಾತನ ಮುಂದೆ ಬಾಯಿ ಬಿಡಬೇಡ ಎಂದು ತಾಕೀತು ಮಾಡಿದರು.

ತಾತನಿಗೆ ಇದ್ದದ್ದು ಒಂದೇ ಆಸೆ. ಊರಿನಲ್ಲಿ ಅವರನ್ನು ಸಾಕಿದ ಅಕ್ಕ ಇದ್ದರು. ಅವರಿಗೆ ಕಣ್ಣು ಕಾಣದು, ಕಿವಿಯೂ ಕೇಳದು. ಫೋನು, ವಿಡಿಯೋ ಯಾವುದೂ ಅವರಿಗೆ ಪ್ರಯೋಜನವಿಲ್ಲ. ತಾತ ಎದುರು ಬಂದು ಕೂತರೆ ಕೆನ್ನೆ, ಹಣೆ, ಕಿವಿ ಸವರಿ ಗುರುತು ಹಿಡಿಯುತ್ತಿದ್ದರು. "ಒಂದ್ಸಲ ಹೋಗಿ ಅಕ್ಕನ ಕೈಗೆ ಮುಖ ಕೊಟ್ಟು ಬರ್ಬೇಕು" ಎಂದು ತಾತ ಕೇಳಿದಾಗಲೆಲ್ಲ ನಿಮ್ಮ ಅಮ್ಮ, "ಟ್ರೀಟ್‌ಮೆಂಟ್ ಮುಗೀಲಿ ಅಪ್ಪ, ಎಲ್ಲರೂ ಹೋಗೋಣ" ಎನ್ನುತ್ತಿದ್ದಳು. ತಾತ ಹೂಂ ಎನ್ನುತ್ತಿದ್ದರು. ಆಗ ಅವರಿಗೆ ನಡೆಯಲು ಶಕ್ತಿಯಿತ್ತು. ವಿಮಾನ ಹತ್ತಬಹುದಿತ್ತು.

ಮಳೆ ಹನಿಯುತ್ತಿದ್ದ ಒಂದು ಶನಿವಾರ. ತಾತ ಜ್ವರ ಬಂದು ವಾರ್ಡಿನಲ್ಲಿ ಮಲಗಿದ್ದರು. ನೀನು ಆಸ್ಟಿನ್‌ನಿಂದ ಡ್ರೈವ್ ಮಾಡಿಕೊಂಡು ಬಂದಿದ್ದೆ. ಟಿವಿಯಲ್ಲಿ ನಿನ್ನ ತಂಡದ ಪಂದ್ಯ. ಮಧ್ಯದಲ್ಲಿ ಡಾಕ್ಟರ್ ಬಂದು ಅಮ್ಮನನ್ನು ಹೊರಗೆ ಕರೆದರು. ನೀನೂ ಎದ್ದು ಹೋದೆ. ಬಾಗಿಲಿನ ಗಾಜಿನಲ್ಲಿ ನಿಮ್ಮ ಮೂವರ ತಲೆ ಹತ್ತಿರವಾಗಿರುವುದು ಮಂಚದಿಂದ ಕಾಣುತ್ತಿತ್ತು. ತಾತ ಟಿವಿ ಬಿಟ್ಟು ಅದನ್ನೇ ನೋಡುತ್ತಿದ್ದರು.

ನೀವು ಒಳಗೆ ಬಂದಾಗ ಕೇಳಿದರು, "ಚಿನ್ನು, ಆಟದಲ್ಲಿ ಗುಂಪು ಕೂಡೋದು ಯಾಕೆ?"

"ಸೋ ದಟ್... ಅದರ್ ಟೀಮ್‌ಗೆ ಗೊತ್ತಾಗ್ಬಾರ್ದು ಅಂತ, ತಾತ."

"ಹಂಗಾದ್ರೆ ನಾನು ಯಾವ ಟೀಮು?"

ನೀನು ಕಿಟಕಿಯ ಕಡೆ ತಿರುಗಿದೆ. ಅಮ್ಮ, "ಏನಪ್ಪ ನೀವು, ಸುಮ್ನೆ ಮ್ಯಾಚ್ ನೋಡಿ" ಎಂದು ಹೊದಿಕೆ ಸರಿಮಾಡಲು ಬಂದಳು.

ನಾನು ಆ ಆಸ್ಪತ್ರೆಯಲ್ಲಿ ಅಲ್ಲಿಯವರೆಗೆ ಬಾಯಿ ಬಿಟ್ಟವಳಲ್ಲ. ಅವತ್ತು ಕುರ್ಚಿಯಿಂದ ಎದ್ದು ಅವರ ಕಾಲ ಬಳಿ ಕೂತೆ. "ರೀ, ವಾಸಿ ಆಗಲ್ವಂತೆ. ಮೊದಲನೇ ದಿನವೇ ಹೇಳಿದ್ರಂತೆ" ಎಂದೆ. ನಿಮ್ಮ ಅಮ್ಮ "ಅಮ್ಮಾ!" ಎಂದು ಕೂಗಿದಳು.

ತಾತ ಅಳಲಿಲ್ಲ, ಬೈಯಲೂ ಇಲ್ಲ. ಟಿವಿಯಲ್ಲಿ ಆ ಹುಡುಗರು ಓಡುತ್ತಲೇ ಇದ್ದರು. ಅವರತ್ತ ಬೆರಳು ತೋರಿಸಿ ನಿನಗೆ ಹೇಳಿದರು: "ಟೈಮ್ ಕಮ್ಮಿ ಇದ್ದಾಗ ಹಳೇ ಚಾಂಪಿಯನ್‌ಗಳೂ ಹಿಂಗೇ ಓಡ್ತಿದ್ರು ಕಣೋ. ಆದ್ರೆ ಗಡಿಯಾರ ನೋಡ್ಕೊಂಡು ಓಡ್ತಿದ್ರು. ನಂಗೆ ನೀವು ಗಡಿಯಾರಾನೇ ತೋರಿಸ್ಲಿಲ್ವಲ್ಲ." ಆಮೇಲೆ ಮಗಳ ಕಡೆ ತಿರುಗಿ, "ಅಕ್ಕನ್ನ ನೋಡ್ಬೇಕು. ಟಿಕೆಟ್ ಮಾಡು" ಎಂದರು.

ಅಮ್ಮ ಅವತ್ತೇ ಡಾಕ್ಟರನ್ನು ಕೇಳಿದಳು. ಅಷ್ಟು ದೂರದ ಪ್ರಯಾಣ ಈ ದೇಹಕ್ಕೆ ಇನ್ನು ಸಾಧ್ಯವಿಲ್ಲ, ದಾರಿಯಲ್ಲೇ ಏನಾದರೂ ಆಗಬಹುದು ಎಂದರು. ಶುರುವಿನಲ್ಲಾದರೆ ಹೋಗಬಹುದಿತ್ತು ಎಂದೂ ಹೇಳಿದರು. ಅದನ್ನು ಈ ಸಲ ಅಮ್ಮ ತಾತನ ಮುಂದೆಯೇ ಕನ್ನಡದಲ್ಲಿ ಹೇಳಿದಳು. ಒಂದು ಮಾತನ್ನೂ ಬಿಡಲಿಲ್ಲ. ತಾತ ಅವಳ ತಲೆ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡು. ಮನೆಗೆ ಕರ್ಕೊಂಡ್ ಹೋಗು, ಸೂಜಿ ಚುಚ್ಚಿಸ್ಕೊಂಡಿದ್ದು ಸಾಕು" ಎಂದರು.

ಪ್ಲೇನೋಗೆ ಮರಳಿದ ಮೇಲಿನ ದಿನಗಳು ಪುಟ್ಟಿಗೂ ನೆನಪಿರಬೇಕು. ಮನೆಯ ಹಾಲ್‌ನಲ್ಲಿ ಆಸ್ಪತ್ರೆಯ ಮಂಚ, ಅದರ ಎದುರಿಗೆ ಟಿವಿ. ಕೊನೆಯ ಸಲ ನೋಡಿದ ಪಂದ್ಯದಲ್ಲಿ, ಚಿನ್ನು, ನಿನ್ನ ತಂಡ ಮುಂದಿದ್ದೂ ಕಡೆಯ ಭಾಗದಲ್ಲಿ ಸೋತಿತು. ಡಿಫೆನ್ಸ್ ಹುಡುಗರು ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ನಿಂತಿದ್ದರು. "ಯೂ ವರ್ ರೈಟ್, ತಾತ" ಎಂದು ನೀನು ಹೇಳುವ ಹೊತ್ತಿಗೆ ಅವರಿಗೆ ನಿದ್ದೆ ಬಂದಿತ್ತು. ಆ ವಾರವೇ ಹೋದರು. ಊರಿನಲ್ಲಿ ಅಕ್ಕನಿಗೆ ಸುದ್ದಿ ಮುಟ್ಟಿಸುವುದು ಯಾರಿಂದಲೂ ಆಗಲಿಲ್ಲ. ಯಾರಾದರೂ ಎದುರು ಬಂದು ಕೂತರೆ ಅವರ ಮುಖವನ್ನೇ ಸವರಿ ತಮ್ಮನನ್ನು ಹುಡುಕುತ್ತಾರಂತೆ.

ನಿಮ್ಮ ಅಮ್ಮನ ಮೇಲೆ ನನಗೆ ಕೋಪವಿಲ್ಲ. ಪ್ರೀತಿಯಿಂದಲೇ ಮಾಡಿದಳು. ಆದರೆ ನನಗೂ ವಯಸ್ಸಾಗಿದೆ, ಪ್ರೀತಿಯಿಂದ ಅದನ್ನೇ ಮತ್ತೆ ಮಾಡುತ್ತಾಳೆ. ಆಗ ನನಗೆ ಕೇಳಲು ಬಾಯಿ ಬರುತ್ತದೋ ಇಲ್ಲವೋ. ಅದಕ್ಕೇ ಈ ಹಾಳೆಗಳನ್ನು ಕಳೆಯಬೇಡಿ, ಕೈಗೆ ಸಿಗುವ ಕಡೆ ಇಟ್ಟುಕೊಂಡಿರಿ. ನನ್ನ ವಿಷಯ ಮಾತಾಡಲು ಕಾರಿಡಾರಿನಲ್ಲಿ ನೀವೆಲ್ಲ ನಿಂತ ದಿನ ಇವನ್ನು ತೆಗೆದು ಅಮ್ಮನಿಗೆ ಓದಿ ಹೇಳಿ. ಆಮೇಲೆ ಒಳಗೆ ಬಂದು ನನ್ನ ಮಂಚದ ಸುತ್ತ ನಿಲ್ಲಿ.