ಗದ್ದೆಯಾಚೆಗೆ ತಿರುಗಿಸಿದ ಹಾರ್ನ್

ಎಂಬತ್ತರ ದಶಕದ ಆರಂಭ. ಆಲಂಕಾರಿನ ನಮ್ಮ ಭಾಗದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವನು ನಾನೊಬ್ಬನೇ. ನಾನು ಹೋಗದಿದ್ದರೆ ಮದುವೆಗೆ ಗೌಜಿಯೇ ಇಲ್ಲ ಎಂಬ ಕೊಬ್ಬು ನನಗಿತ್ತು. ಕೆಲಸವಿಲ್ಲದ ದಿನ ಬೆಳಿಗ್ಗೆ ಅಂಗಳದ ತೆಂಗಿನ ಮರಕ್ಕೆ ಮೈಕ್ ಸೆಟ್ಟಿನ ಹಾರ್ನ್ ಕಟ್ಟಿ ಹಾಡಿನ ರೆಕಾರ್ಡ್ ಹಾಕುತ್ತಿದ್ದೆ. ಕೇಳಿದವರಿಗೆ ಸೆಟ್ಟು ಟೆಸ್ಟ್ ಮಾಡುವುದು ಎನ್ನುತ್ತಿದ್ದೆ. ಟೆಸ್ಟೂ ಇಲ್ಲ, ಮಣ್ಣೂ ಇಲ್ಲ. ನಾನಿದ್ದೇನೆಂದು ಊರಿಗೆಲ್ಲ ಗೊತ್ತಾಗಬೇಕಿತ್ತು.

ಗದ್ದೆಯಾಚೆ ನನಗೆ ಅಕ್ಷರ ಕಲಿಸಿದ ಮಾಸ್ಟ್ರ ಮನೆ. ಅವರ ಹೆಂಡತಿಗೆ ಎದೆಯ ಕಾಯಿಲೆ. ಒಂದು ದಿನ ಮಾಸ್ಟ್ರು ಗದ್ದೆಯ ಬದುವಿನ ಮೇಲೆ ನಡೆದುಕೊಂಡು ಬಂದರು.

"ಇವಳಿಗೆ ಬೆಳಿಗ್ಗೆ ಹೊತ್ತೇ ಸ್ವಲ್ಪ ನಿದ್ದೆ ಬರುದು ಮಾರಾಯ. ಸೌಂಡ್ ಕಮ್ಮಿ ಮಾಡ್ಲಿಕ್ಕೆ ಆಗ್ತದಾ?"

"ನನ್ನ ಅಂಗಳ, ನನ್ನ ಮೈಕ್. ನಿಮಗೆಂತ? ಕಿವಿಗೆ ಹತ್ತಿ ಇಟ್ಕೊಳ್ಳಿ" ಎಂದೆ. ಥೂ, ನನ್ನ ನಾಲಿಗೆಗಿಷ್ಟು!

ವಿಷಯ ಊರಿನ ಹಿರಿಯರಿಗೆ ತಲುಪಿತು. ಅವರು ನನ್ನನ್ನು ಕರೆಸಿ ಮರ್ಯಾದೆಯಲ್ಲೇ ಮಾತಾಡಿದರು. "ನೀನು ಮೈಕ್ ಹಾಕುದಕ್ಕೆ ನಾವು ಬೇಡ ಹೇಳುದಿಲ್ಲ. ಹಾರ್ನ್ ರಸ್ತೆ ಕಡೆಗೆ ಇರ್ಲಿ, ಸೌಂಡ್ ಕಮ್ಮಿ ಇರ್ಲಿ. ಯಾರಾದ್ರೂ ಕೂ ಹಾಕಿದ್ರೆ ಕೇಳ್ಬೇಕಲ್ಲ."

ನಮ್ಮಲ್ಲಿ ಮನೆಗಳು ದೂರ ದೂರ, ಫೋನಿಲ್ಲ. ಆಪತ್ತು ಬಂದರೆ ಅಂಗಳದಲ್ಲಿ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು ಉದ್ದಕ್ಕೆ 'ಕೂ' ಎಂದು ಕೂಗುವುದು. ಕೇಳಿದವರು ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಓಡಬೇಕು. ಜಗಳ ಇದ್ದ ಮನೆಯವರೂ ಓಡುತ್ತಿದ್ದರು.

ಹಿರಿಯರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ನನಗೆ ಮೈಯೆಲ್ಲ ಉರಿ. ನನ್ನ ಮೇಲೆ ದೂರು ಹೇಳುವುದಾ? ಒಂದು ವಾರ ಹಾರ್ನ್ ರಸ್ತೆಯ ಕಡೆಗಿತ್ತು. ಎಂಟನೆಯ ದಿನ ಮರ ಹತ್ತಿ ಅದನ್ನು ನೇರ ಮಾಸ್ಟ್ರ ಮನೆಯ ಕಡೆಗೆ ತಿರುಗಿಸಿ ಕಟ್ಟಿದೆ. ಇಳಿಯುವಾಗ ನಗುತ್ತಿದ್ದೆ.

ಮರುದಿನ ಬೆಳಿಗ್ಗೆ ಒಂದು ರೆಕಾರ್ಡ್ ಮುಗಿದು, ಇನ್ನೊಂದನ್ನು ಇಡುವಷ್ಟರಲ್ಲಿ ಗದ್ದೆಯಾಚೆಯಿಂದ ಕೂ ಕೇಳಿತು. ಮಾಸ್ಟ್ರ ಸ್ವರವೇ. ಮುದುಕನಿಗೆ ತಡೆಯಲಿಕ್ಕಾಗದೆ ಬೊಬ್ಬೆ ಹೊಡೆಯುತ್ತಿದ್ದಾನೆ ಅಂದುಕೊಂಡೆ. ಹೊಡೀಲಿ! ರೆಕಾರ್ಡಿನ ಮೇಲೆ ಮುಳ್ಳು ಇಟ್ಟು ಸೌಂಡನ್ನು ಕೊನೆಯವರೆಗೆ ತಿರುಗಿಸಿದೆ. ಆಮೇಲೆ ಅವರು ಎಷ್ಟು ಸಲ ಕೂಗಿದರೋ ಗೊತ್ತಿಲ್ಲ. ಗುಡ್ಡದ ಬದಿಯ ಮನೆಗಳಿಗೂ ನನ್ನ ಹಾಡು ಮಾತ್ರ ಕೇಳಿತ್ತು.

ಯಾರೂ ಬಾರದಿದ್ದಾಗ ಮಾಸ್ಟ್ರು ಹೆಂಡತಿಯನ್ನು ಒಬ್ಬರನ್ನೇ ಬಿಟ್ಟು ರಸ್ತೆಗೆ ಓಡಿದರಂತೆ. ಪುತ್ತೂರಿನ ಆಸ್ಪತ್ರೆಗೆ ಒಯ್ಯಲು ಜೀಪು ಹಿಡಿದು ತರುವಷ್ಟರಲ್ಲಿ ಆಕೆ ತೀರಿಕೊಂಡಿದ್ದರು. ಒಂದು ತೊಟ್ಟು ನೀರು ಬಿಡಲೂ ಹತ್ತಿರ ಜನವಿರಲಿಲ್ಲ.

ಸುದ್ದಿ ಕೇಳಿದ್ದೇ ಮೊದಲು ಮರ ಹತ್ತಿ ಹಾರ್ನ್ ಬಿಚ್ಚಿದೆ. ದುಃಖಕ್ಕಲ್ಲ. ಅದು ಯಾವ ಕಡೆಗಿತ್ತೆಂದು ಜನ ನೋಡಬಾರದಲ್ಲ! ಆಮೇಲೆ ಮಾಸ್ಟ್ರ ಮನೆಗೆ ಹೋದೆ. ಜಗಲಿಯಲ್ಲಿ ಊರವರೆಲ್ಲ ಕೂತಿದ್ದರು. ಮಾಸ್ಟ್ರು ತಲೆಯೆತ್ತಿ, "ನಾನು ಕೂ ಹಾಕಿದೆ. ನಿಂಗೆ ಕೇಳ್ಲಿಲ್ವಾ?" ಎಂದರು.

"ಇಲ್ಲ ಮಾಸ್ಟ್ರೆ. ದೇವರಾಣೆ ಕೇಳ್ಲಿಲ್ಲ."

ಯಾರೋ ಹಿಂದಿನಿಂದ ನನ್ನ ಮೈಕಿಗೆ ಬೈಯತೊಡಗಿದರು. ಮಾಸ್ಟ್ರು ಕೈಯೆತ್ತಿ ಅವರನ್ನು ತಡೆದರು. "ಅವನಿಗೆ ಎಂತ ಹೇಳ್ಬೇಡಿ. ನಾನು ಕಲಿಸಿದ ಹುಡುಗ ಅವ. ಕೇಳಿದ್ರೆ ಓಡಿ ಬರ್ತಿದ್ದ" ಎಂದು ನನ್ನ ಕೈ ಹಿಡಿದುಕೊಂಡರು.