ಪಕ್ಕದಲ್ಲಿ ಕೂರಗೊಡದ ಮುದುಕ

ಡೆಟ್ರಾಯಿಟ್ ಹತ್ತಿರ ನಮ್ಮ ಪಕ್ಕದ ಮನೆಯ ಮುದುಕ ಚಳಿಗಾಲವೆಲ್ಲ ಹೆಪ್ಪುಗಟ್ಟಿದ ಕೆರೆಗೆ ತೂತು ಕೊರೆದು ಮೀನು ಹಿಡಿಯುತ್ತಿದ್ದ. ಯಾರಾದರೂ ಹತ್ತಿರ ಬಂದರೆ ಅಂಗೈ ಎತ್ತಿ, “ದೂರ ಇರಿ” ಎನ್ನುತ್ತಿದ್ದ. ಅದೊಂದೇ ಮಾತು.

ಒಬ್ಬನೇ ಕೂತವನ ಪಕ್ಕ ಹೋಗಿ ಕೂರುವುದು ನಮ್ಮೂರ ಕಡೆ ಮರ್ಯಾದೆ. ನನ್ನನ್ನು ದಡದಲ್ಲಿ ನಿಲ್ಲಿಸಿ ನಮ್ಮ ಯಜಮಾನರು ಕಾಫಿ ಹಿಡಿದು ಹೊರಟರು. ಮುದುಕ ಅಂಗೈ ಎತ್ತಿ ಅದನ್ನೇ ಕೂಗಿದ.

“ಪಾಪ, ಸಂಕೋಚ ಕಣೇ ಅವನಿಗೆ,” ಎಂದು ಇವರು ನಡೆದೇ ಬಿಟ್ಟರು.

ಮಾಗಿ ಮುಗಿಯುತ್ತಿತ್ತು. ಇಬ್ಬರ ಭಾರಕ್ಕೆ ಮಂಜುಗಡ್ಡೆ ಲಟಲಟ ಬಿರಿಯಿತು. ಇವರು ಎದೆಮಟ್ಟ ನೀರಿಗೆ ಕುಸಿದರು. ನಾನು ಓಡಿದೆ.

“ಅಲ್ಲೇ ನಿಲ್ಲು! ನೀನೂ ಮುಳುಗ್ತೀಯಾ!” ಎಂದು ಗದರಿದ ಮುದುಕ ಹಿಂದೆ ಸರಿದು, ಬೋರಲು ಮಲಗಿ, ಹಗ್ಗ ಎಸೆದು ಇವರನ್ನು ಎಳೆದ.

ದಡಕ್ಕೆ ತಂದು ತನ್ನ ಕೋಟು ಹೊದಿಸಿದ. ನಾನು ಕೈಮುಗಿದೆ.

“ಮೀನೆಲ್ಲಾ ಓಡಿಸಿದ್ರಿ,” ಎಂದು ಬೈದು, ಬರೀ ಸ್ವೆಟರಿನಲ್ಲಿ, ದೂರದಲ್ಲಿ ಇನ್ನೊಂದು ತೂತು ಕೊರೆಯಲು ಹೋದ.